ಬುಟ್ಟಿಯ ತಳಕ್ಕೆ ಕೈ ಹಾಕುವ ಭಾವ

ನನ್ನ ಭಾವ ಒಂದು ತೀರ್ಮಾನಕ್ಕೆ ಬರಲು ನನಗೆ ತಗುಲಿದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಕೆ.ಜಿ. ಸಕ್ಕರೆ, ಒಂದು ನೀಲಿ ಬಕೆಟ್ಟು, ಒಂದು ಹಾಳೆ ಬಿ.ಪಿ. ಮಾತ್ರೆ ಮತ್ತು ಎರಡು ದಿನದ ವ್ಯಾಪಾರ. ಸಕ್ಕರೆ ಇರುವೆಗಳ ಪಾಲಾಯಿತು. ಬಕೆಟ್ಟು ಮೀನಿನ ವಾಸನೆಯ ಪಾಲಾಯಿತು. ಮಾತ್ರೆ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ವ್ಯಾಪಾರ ಕೆಟ್ಟದ್ದು ಮಾತ್ರ ನನ್ನ ಬಾಯಿಂದಲೇ. ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕುಳಿತು ಭಾವನ ಜೊತೆ ಜಗಳವಾಡಿದೆ.

ಇಷ್ಟೆಲ್ಲ ಯಾತಕ್ಕೆ? ನ್ಯೂಜಿಲೆಂಡಿನ ಒಂದು ಊರಲ್ಲಿರುವ ಗಂಡ ಹೆಂಡತಿ, ಅದೇ ನ್ಯೂಜಿಲೆಂಡಿನ ಇನ್ನೊಂದು ಊರಿಗೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸಲು! ಅದಕ್ಕೆ ಚನ್ನಪಟ್ಟಣದಲ್ಲಿರುವ ನನ್ನ ಬಕೆಟ್ಟು ಯಾಕೆ ಬೇಕಾಯಿತು ಅನ್ನುತ್ತೀರಾ? ನಾನೂ ಅದನ್ನೇ ಕೇಳಿದ್ದೆ.

ಮೇಲಿನಿಂದ ನೋಡಿ ಯಾವುದನ್ನೂ ನಂಬದ ಮನುಷ್ಯ ನನ್ನ ಭಾವ, ಅಂದರೆ ನಮ್ಮಕ್ಕನ ಗಂಡ. ಇದಕ್ಕೆ ಕಾರಣ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ. ಹರೆಯದಲ್ಲಿ ಅವರು ಅಲ್ಲಿ ನೂಲು ಬಿಚ್ಚುವ ಘಟಕವೊಂದಕ್ಕೆ ಗೂಡು ಕೊಳ್ಳುವ ಕೆಲಸದಲ್ಲಿದ್ದರು. ರೈತರು ಗೂಡು ತರುವಾಗ ಬೆಳ್ಳಗೆ ಗಟ್ಟಿಯಾಗಿರುವುದನ್ನು ಮೇಲೆ ಜೋಡಿಸಿ, ಕಲೆ ಬಿದ್ದದ್ದು, ಮೆತ್ತಗಿದ್ದದ್ದನ್ನು ಕೆಳಗೆ ತಳ್ಳುತ್ತಿದ್ದರಂತೆ. ಅಂತೆ ಏನು ಬಂತು, ಹೊಂಗನೂರಿನಲ್ಲಿ ನಮ್ಮಪ್ಪನೂ ಹಾಗೇ ಜೋಡಿಸುತ್ತಿದ್ದರು; ಸುಳ್ಳು ಯಾಕೆ ಹೇಳಲಿ? ಭಾವ ಮೇಲಿನ ಗೂಡಿನತ್ತ ಕಣ್ಣೂ ಹಾಯಿಸದೆ, ಮೊಣಕೈವರೆಗೆ ತೋಳು ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಲ್ಲಿ ಒತ್ತಿ, ಆಮೇಲೆ ಬೆಲೆ ಹೇಳುತ್ತಿದ್ದರು. ಮಾರುಕಟ್ಟೆ ಬಿಟ್ಟು ಎಷ್ಟೋ ವರ್ಷವಾಯಿತು. ಆ ಕೈ ಮಾತ್ರ ಇನ್ನೂ ಬುಟ್ಟಿಯ ತಳದಲ್ಲೇ ಇದೆ!

ಹೋಟೆಲಿಗೆ ಕರೆದುಕೊಂಡು ಹೋದರೆ ನಮಗೆಲ್ಲ ಮರ್ಯಾದೆಯ ಪ್ರಶ್ನೆ. "ಇಡ್ಲಿ ಮೇಲಿನ ತಟ್ಟೇದು ಬ್ಯಾಡ ಕಣಪ್ಪ, ತಳದ ತಟ್ಟೇದು ಕೊಡು" ಎನ್ನುತ್ತಾರೆ.

"ಸಾರ್, ತಳದ್ದು ಒಸಿ ನೀರು ಕುಡ್ಕಂಡಿರ್ತದೆ."

"ಅದ್ಕೇ ಕೇಳಿದ್ದು. ಅದೇ ಚೆನ್ನಾಗಿದ್ರೆ ಮೇಗಳದೆಲ್ಲ ಚೆನ್ನಾಗಿರ್ತದೆ."

"ಚೆನ್ನಾಗಿಲ್ದೆ ಓದ್ರೆ?"

"ಕಾಪಿ ಏಳಕ್ ಮುಂಚೇನೆ ಗೊತ್ತಾಯ್ತಲ್ಲ!"

ಅವರು ನಮ್ಮಕ್ಕನನ್ನು ನೋಡಲು ಬಂದ ದಿನ ನನಗೆ ಹದಿನಾರು ವರ್ಷ. ನಡುಮನೆಯಲ್ಲಿ ಎಲ್ಲರೂ ಕೇಸರಿಬಾತು ತಿನ್ನುತ್ತಿದ್ದಾಗ ಗಂಡು, "ಕೈ ತೊಳೀಬೇಕಿತ್ತು" ಎಂದು ಎದ್ದು ನೇರ ಹಿತ್ತಿಲಿಗೆ ನಡೆದುಬಿಟ್ಟರು. ನಮ್ಮವ್ವ ಸೌಟು ಹಿಡಿದೇ ಮೇಲೆದ್ದರು. ಹಿತ್ತಿಲು ಗುಡಿಸಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ, ಲೋಟ ಸಾಲದೆ ಬಂದು, ಹೆಣ್ಣು ಜರಿ ಸೀರೆಯುಟ್ಟುಕೊಂಡೇ ಅಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಎಂಜಲು ಲೋಟ ತೊಳೆಯುತ್ತಿತ್ತು! ಭಾವ ಒಂದು ನಿಮಿಷ ನಿಂತು ನೋಡಿದರು. ಚೊಂಬಿನಲ್ಲಿ ನೀರು ಮೊಗೆದು ಅಕ್ಕನ ಕೈಗೆ ಸುರಿದರು. ಒಳಗೆ ಬಂದು ಕುಳಿತು, "ನಂಗೊಪ್ಗೆ" ಎಂದರು. ಶಾಸ್ತ್ರಕ್ಕೆ ಹೆಣ್ಣನ್ನು ಇನ್ನೂ ತೋರಿಸಿಯೇ ಇರಲಿಲ್ಲ!

ಅಂದಿನಿಂದ ಇಪ್ಪತ್ತೆಂಟು ವರ್ಷ, ಲೋಟ ತೊಳೆಯುವುದನ್ನು ನೋಡಿ ಹೆಂಡತಿಯನ್ನು ಆರಿಸಿದ ಮಹಾಶಯ ಎಂದು ನಾನು ಅವರನ್ನು ಆಡಿಕೊಳ್ಳುತ್ತಲೇ ಬಂದಿದ್ದೇನೆ. ಅವರು ಒಮ್ಮೆಯೂ ತಿದ್ದಿರಲಿಲ್ಲ.

ಇಲ್ಲಿ ಅಕ್ಕನ ಬಗ್ಗೆ ಎರಡು ಮಾತು. ನರ್ಸಿಂಗ್ ಓದಲು ದುಡ್ಡು ಹೊಂದಿಸಿಕೊಳ್ಳಲು ಅವಳು ಎರಡು ವರ್ಷ ರಾಮನಗರದಲ್ಲಿ ನೂಲು ಬಿಚ್ಚುವ ಕೆಲಸ ಮಾಡಿದಳು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡು ಕುಣಿಯುತ್ತಿರುತ್ತದೆ. ಅದರೊಳಗೆ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಓದಲು ಸೇರಿದ ಮೇಲೂ ರಜೆ ಬಂದರೆ ಅದೇ ತೊಟ್ಟಿ. ಮದುವೆಯಾಗಿ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ದುಡಿದು, ಕೊನೆಗೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕೆಲಸ ಹಿಡಿದಳು. ಭಾವ ಹೆಂಡತಿಯ ಹಿಂದೆ ಹೋಗಿ ಅಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದಾರೆ. ಹದಿನಾರು ವರ್ಷವಾಯಿತು. ಪಾಸ್‌ಪೋರ್ಟೂ ಆ ದೇಶದ್ದೇ. ಗಂಡ ಹೆಂಡತಿ ಇಬ್ಬರೇ. ಎರಡು ಕೋಣೆಯ ಬಾಡಿಗೆ ಮನೆ. ಅಕ್ಕನ ಕೆಲಸ, ಮನೆಮನೆಗೆ ಹೋಗಿ ವಯಸ್ಸಾದವರ ಗಾಯಕ್ಕೆ ಪಟ್ಟಿ ಕಟ್ಟಿ, ಮಾತ್ರೆ ಬಿಡಿಸಿ ಕೊಟ್ಟು, ಎರಡು ಒಳ್ಳೆಯ ಮಾತಾಡಿ ಬರುವುದು.

ಈ ಏಪ್ರಿಲ್‌ನಲ್ಲಿ ಇಬ್ಬರೂ ಮೂರು ವಾರದ ರಜೆಗೆ ನಮ್ಮ ಮನೆಗೆ ಬಂದರು. ಅಕ್ಕನ ಮೊಬೈಲಿನಲ್ಲಿ ಒಂದು ಪತ್ರವೂ ಬಂದಿತ್ತು. ಆ ದೇಶದ ದಕ್ಷಿಣದಲ್ಲಿ ಡುನೇಡಿನ್ ಎಂಬ ಊರು. ಅಲ್ಲಿ ಇಂಥದೇ ಕೆಲಸ ಮಾಡುವ ಹನ್ನೆರಡು ನರ್ಸುಗಳ ಮೇಲೆ ಇವಳು ಮುಖ್ಯಸ್ಥೆಯಾಗಬೇಕು. ತಾನೂ ಮನೆಗಳಿಗೆ ಹೋಗುತ್ತಿರಬೇಕು. ಆಕ್ಲೆಂಡಿನಲ್ಲಿ ಅಡುಗೆಮನೆ ಕೊಳ್ಳುವ ದುಡ್ಡಿಗೆ ಅಲ್ಲಿ ಹಿತ್ತಿಲ ಸಮೇತ ಮನೆಯೇ ಬರುತ್ತದಂತೆ. ಉತ್ತರ ಕೊಡಲು ಕೊನೆಯ ದಿನ ಎರಡನೇ ವಾರದ ಶುಕ್ರವಾರ.

"ಐವತ್ತೆರಡು ವರ್ಷಕ್ಕೆ ಮೊದಲ್ನೇ ಸಲ ಒಬ್ರು ನನ್ನ ಮೇಲ್ಗಡೆ ಕೂತ್ಕೊಳಮ್ಮ ಅಂತಿದಾರೆ ಕಣೆ" ಎಂದಳು ಅಕ್ಕ. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಪರೀಕ್ಷೆ ಪಾಸಾದ ಹುಡುಗಿಯ ಹಾಗೆ!

ಭಾವ ಏನೆಂದರು? "ನೋಡಾಣ."

ಮೊದಲು ಶುರುವಾದದ್ದು ವಿಡಿಯೋ ಕಾಲು. ಡುನೇಡಿನ್‌ನಲ್ಲಿ ಕನ್ನಡದವರೊಬ್ಬರ ನಂಬರು ಎಲ್ಲಿಂದಲೋ ಹುಡುಕಿ ಹಿಡಿದು, ಪರಿಚಯವಾದ ಎರಡನೇ ನಿಮಿಷಕ್ಕೆ ಭಾವ, "ಸಾರ್, ಒಸಿ ನಿಮ್ ಬೀರು ಪಕ್ಕಕ್ಕೆ ಸರ್ಸಿ, ಗೋಡೆ ತೋರ್ಸಿ" ಎಂದರು. ಆ ದೇಶದ ಮನೆಗಳಲ್ಲಿ ಥಂಡಿಗೆ ಬೂಷ್ಟು ಹಿಡಿಯುವುದು ಬೀರುವಿನ ಹಿಂದೆಯಂತೆ. ಪಾಪ, ಆ ಮನುಷ್ಯ ಸರಿಸಿ ತೋರಿಸಿದರು. ಬಚ್ಚಲ ಮೂಲೆ ತೋರಿಸಿದರು. ಹಾಸಿಗೆ ಎತ್ತಿ ತೋರಿಸಿದರು. ಕೊನೆಗೆ, "ಸಾರ್, ಒಂದ್ ವಿಷಯ. ಇದು ನಮ್ಮನೆ. ಬಾಡಿಗೆಗಿಲ್ಲ" ಎಂದರು.

"ಗೊತ್ತು ಸಾರ್. ಬಾಡಿಗೆಗೆ ಕೊಡೋರಾದ್ರೆ ತೊಳ್ದು ತೋರಿಸ್ತಾರೆ. ಅದ್ಕೇ ನಿಮ್ಮನ್ನ ಕೇಳ್ದೆ!"

ಆಮೇಲೆ ಅಲ್ಲಿನ ಬಸ್ಸು ಚಾಲಕನೊಬ್ಬನಿಗೆ ಫೋನು. ಕೆಲಸದಲ್ಲಿರುವವನಿಗಲ್ಲ, ಬಿಟ್ಟು ಹೋದವನಿಗೆ! ಯಾಕೆ ಬಿಟ್ಟೆ ಎಂದು ಅರ್ಧ ಗಂಟೆ ವಿಚಾರಣೆ. ಫೋನು ಇಟ್ಟು, "ಆ ಊರಲ್ಲಿ ಒಂದೊಂದ್ ರಸ್ತೆ ರಾಮದೇವ್ರ ಬೆಟ್ಟ ಇದ್ದಂಗೈತಂತೆ ಕಣಮ್ಮಿ. ಬೆಳಗಿನ್ ಜಾವ ಅದರ ಮ್ಯಾಲೆ ಮಂಜು ಗಡ್ಡೆ ಕಟ್ತದಂತೆ" ಎಂದು ನನಗೆ ವರದಿ ಒಪ್ಪಿಸಿದರು.

ಹೊಂಗನೂರಿನಿಂದ ನಮ್ಮ ಚಿಕ್ಕಪ್ಪ ನೋಡಲು ಬಂದವರು ಇದನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು. "ಅಲ್ಲ ಕಣ್ಲಾ, ಈಗಿರ ಊರಿಂದ ಆ ಊರ್ಗೆ ಅಂದ್ರೆ ನಮ್ ಚನ್ನಪಟ್ಣದಿಂದ ಕನಕಪುರಕ್ಕೆ ಓದಂಗಾ?"

"ಇಲ್ಲ ಮಾವ, ಮಧ್ಯ ಸಮುದ್ರ ಐತೆ."

"ಅಷ್ಟ್ ದೊಡ್ ಸಮುದ್ರ ದಾಟ್ಕಂಡು ಆ ದೇಸಕ್ ಓಗ್ಬುಟ್ಟು, ಈ ಕಾಲ್ವೆ ದಾಟಕ್ಕೆ ಏನ್ಲಾ ದಾಡಿ ನಿಂಗೆ?"

ಭಾವ ನಕ್ಕರು. "ಅವಾಗ ಸ್ಯಾಂಪಲ್ ನೋಡ್ದೆ ಓಗಿದ್ದೆ ಮಾವ. ಈಗ ವಯಸ್ಸಾಯ್ತಲ್ಲ!"

ಇನ್ನು ನಾನು ಸುಮ್ಮನಿರುವುದುಂಟೇ? ಊರು ಬದಲಾಯಿಸುವ ವಿಷಯದಲ್ಲಿ ನನಗೆ ಮಾತಾಡುವ ಹಕ್ಕಿದೆ. ತಟ್ಟೆಯಲ್ಲಿ ಗೊಂಬೆ ಇಟ್ಟುಕೊಂಡು ಬಸ್ಸಿನ ಕಿಟಕಿಗೆ ಮಾರಿದವಳು ನಾನು. ಹಾಗೇ ಬೆಳೆದು ಮೈಸೂರು ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟೆ. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೊರಗಿಂದ ಹೊರಗೇ ಹೋದ ಮೇಲೆ ಕಾರುಗಳು ನಿಲ್ಲುವುದೇ ನಿಂತಿತು. ಅಳುತ್ತಾ ಕೂತೆನೇ? ದೊಡ್ಡ ಅಂಗಡಿ ಬಿಟ್ಟು ಚಿಕ್ಕದಕ್ಕೆ ಬಂದೆ. ಶಿಶುವಿಹಾರಗಳಿಗೆ ಮೊಬೈಲಿನಲ್ಲೇ ಗೊಂಬೆ ತೋರಿಸಿ ಮಾರಲು ಕಲಿತೆ. ಅದಕ್ಕೇ ಹೇಳುತ್ತೇನೆ, ಗಿರಾಕಿ ಬೆಲೆ ಕೇಳಿ ಎರಡು ಹೆಜ್ಜೆ ಹಿಂದೆ ಹೋದರೆ ಅವನಿಗೆ ವಸ್ತು ಬೇಕು ಎಂದು ಅರ್ಥ. "ನೋಡಾಣ" ಎಂದರೆ ಬೇಡ ಎಂದು ಅರ್ಥ. ಭಾವನಿಗೆ ಇದು ಬೇಡ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದೆ. ಹೆಂಡತಿ ಮುಖ್ಯಸ್ಥೆಯಾಗುವುದು ಗಂಡಸಿನ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಅದರ ಜೊತೆಗೆ ಡಬ್ಬಿಗಳ ಕಾಟ. ಅವರು ಬಂದ ದಿನದಿಂದ ನನ್ನ ಅಡುಗೆಮನೆಯಲ್ಲಿ ಒಂದು ಡಬ್ಬಿಗೂ ಮುಚ್ಚಳ ಸರಿಯಾಗಿ ಕೂರಲಿಲ್ಲ! ನಾನು ಬಿಗಿ ಮಾಡುವುದು, ಭಾವ ನೀರು ಕುಡಿಯುವ ನೆಪದಲ್ಲಿ ಬಂದು ಎಲ್ಲವನ್ನೂ ಒಂದೊಂದು ಸುತ್ತು ಸಡಿಲ ಮಾಡಿ ಹೋಗುವುದು. ಸಕ್ಕರೆ ಡಬ್ಬಿಗೆ ಇರುವೆ ದಂಡೆತ್ತಿ ಬಂದ ದಿನ ನಾನು ರೇಗಿದೆ.

"ಏನ್ ಭಾವ ಇದು, ಡಬ್ಬಿಗೂ ಉಸಿರು ಕಟ್ತದಾ?"

"ಅಭ್ಯಾಸ ಕಣಮ್ಮಿ. ಕೈ ಸುಮ್ಕಿರಕಿಲ್ಲ" ಎಂದು ಹೊರಗೆ ಜಾರಿಕೊಂಡರು.

ಬುಧವಾರ ಬಂತು. ಹೊರಗೆ ತಾರು ಕರಗುವ ಬಿಸಿಲು. ಊಟದ ಹೊತ್ತಿಗೆ ಅಂಗಡಿಯಿಂದ ಬಂದು ನೋಡುತ್ತೇನೆ, ಹಿತ್ತಿಲಲ್ಲಿ ಭಾವ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಮುಂದೆ ನನ್ನ ನೀಲಿ ಬಕೆಟ್ಟು. ಅದರ ತುಂಬ ಮೀನಂಗಡಿಯಿಂದ ತಂದ ಐಸು! ಎರಡೂ ಕೈ ಮಣಿಕಟ್ಟಿನವರೆಗೆ ಒಳಗೆ. ಮುಖ ಹುಣಸೆಹಣ್ಣು ಕಚ್ಚಿದವರ ಹಾಗೆ. ಕಣ್ಣು ಎದುರಿನ ಗಡಿಯಾರದ ಮೇಲೆ. ಅದೂ ನನ್ನ ನಡುಮನೆಯ ಗೋಡೆ ಗಡಿಯಾರ, ಕಳಚಿ ತಂದು ನುಗ್ಗೆ ಮರಕ್ಕೆ ಒರಗಿಸಿಟ್ಟಿದ್ದರು!

"ಭಾವ! ಏನಾಯ್ತು, ಕೈ ಸುಟ್ಕೊಂಡ್ರಾ?"

"ಶ್! ಮಾತಾಡಿಸ್ಬ್ಯಾಡ. ಡುನೇಡಿನ್ ಕಣಮ್ಮಿ ಇದು."

ಎರಡು ನಿಮಿಷಕ್ಕೆ ಕೈ ಹೊರಗೆ ಬಂತು. ಅಂಗಿಯ ಗುಂಡಿ ಹಾಕಲು ನೋಡಿದರು; ಬೆರಳು ಸೆಟೆದು ಗುಂಡಿ ಸಿಕ್ಕಲಿಲ್ಲ. ಪಟ್ಟಿಬಟ್ಟೆಯ ಸುರುಳಿ ಬಿಚ್ಚಲು ನೋಡಿದರು. ಸುರುಳಿ ಉರುಳಿ ನುಗ್ಗೆ ಮರದ ಬುಡ ಸೇರಿತು. ಆಮೇಲೆ ಜೇಬಿನಿಂದ ತೆಗೆದದ್ದು ಏನು ಗೊತ್ತೇ? ನನ್ನ ಬಿ.ಪಿ. ಮಾತ್ರೆಯ ಹಾಳೆ! ಒಂದೊಂದನ್ನೇ ಒತ್ತಿ ಬಿಡಿಸಲು ಹೋಗಿ, ಒಂದು ಚೂರಾಯಿತು, ಒಂದು ಬಕೆಟ್ಟಿಗೆ ಬಿತ್ತು, ಒಂದನ್ನು ಕೋಳಿ ನುಂಗಿತು. ಆ ಕೋಳಿ ಸಂಜೆಯವರೆಗೂ ಬಹಳ ಶಾಂತವಾಗಿತ್ತು.

"ಬಸ್ ಓಡಿಸೋರಿಗೆ ಮಾತ್ರೆ ಬಿಡಿಸೋ ಕೆಲ್ಸ ಯಾಕ್ ಭಾವ?" ಎಂದೆ. ಕೈ ಮತ್ತೆ ಬಕೆಟ್ಟಿಗೆ ಹೋಯಿತು.

ಗುರುವಾರ ಬೆಳಿಗ್ಗೆ ಅಕ್ಕ ಮೊಬೈಲು ಹಿಡಿದು ಗಂಡನ ಮುಖ ನೋಡಿದಳು. ಭಾವ ಮತ್ತೆ "ನೋಡಾಣ" ಎಂದರು. ಅವಳು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ.

"ಭಾವ, ನಾಳೆ ಕೊನೇ ದಿನ. ಬೇಡ ಅನ್ನೋದಾದ್ರೆ ಗಂಡಸಿನ ಥರ ಬೇಡ ಅನ್ನಿ. ಹೆಂಡ್ತಿ ಮೇಲೆ ಕೂತ್ರೆ ನಿಮಗೆ ಕೆಳಗಡೆ ಚಳಿ ಆಗ್ತದಾ? ಅವಳು ಇಷ್ಟು ವರ್ಷ ದುಡಿದದ್ದು ನಿಮ್ಮ ಬಕೆಟ್ ಆಟ ನೋಡೋಕಾ?"

ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟು ಹೋದರು. ಗೆದ್ದೆ ಎಂದುಕೊಂಡು ಅಕ್ಕನ ಹತ್ತಿರ ಹೋದೆ. ಅವಳನ್ನು ನಗಿಸಲು ಹಿಂದಿನ ದಿನದ ಬಕೆಟ್ಟಿನ ಕತೆಯನ್ನು ಬಣ್ಣ ಕಟ್ಟಿ ಹೇಳಿದೆ. ಗಡಿಯಾರ, ಗುಂಡಿ, ಪಟ್ಟಿಬಟ್ಟೆ, ಕೋಳಿ. ಕೋಳಿಯವರೆಗೂ ನಕ್ಕಳು.

"ಮಾತ್ರೆ ಬಿಡಿಸ್ತಿದ್ರಾ?" ಎಂದಳು.

"ಹೂಂ. ಹುಚ್ಚಲ್ವಾ?"

ಅಕ್ಕ ನಗು ನಿಲ್ಲಿಸಿ ತನ್ನ ಅಂಗೈ ಚಾಚಿದಳು. ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಗೆರೆ, ಬೇಸಿಗೆಯ ಕೆರೆ ಅಂಗಳದ ಹಾಗೆ. ನಾನು ನೋಡಿಲ್ಲವೆಂದಲ್ಲ. ನೋಡಿ ನೋಡಿ ಕಾಣದಂತಾಗಿತ್ತು.

"ಆಗ ಬಿಸಿನೀರಿಗೆ ಹಾಳಾದ ಚರ್ಮ ಕಣೆ. ಥಂಡಿ ಬಂದ್ರೆ ಒಡೀತದೆ, ರಕ್ತ ಬರ್ತದೆ. ಆಕ್ಲೆಂಡ್ ಚಳಿಗೇ ಹೀಗೆ. ಡುನೇಡಿನ್ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಚಳಿಗಾಲ ಶುರುವಾದ್ರೆ ಬೆಳಗಿನ ಬಸ್ಸಿಗೆ ಹೊರಡೋ ಮುಂಚೆ ಇವ್ರು ಮನೇಲಿರೋ ಎಲ್ಲಾ ಡಬ್ಬಿ ಮುಚ್ಚಳ ಸಡಿಲ ಮಾಡಿಟ್ಟು ಹೋಗ್ತಾರೆ. ನನಗೆ ತಿರುಗಿಸೋಕೆ ಕಷ್ಟ ಅಂತ."

ನಾನು ಒಂದು ಕೆ.ಜಿ. ಸಕ್ಕರೆಗೆ ಎಷ್ಟು ಕೂಗಾಡಿದ್ದೆ!

"ಮತ್ತೆ ಬಾಯಿ ಬಿಟ್ಟು ಹೇಳೋಕೇನು?"

"ಹೇಳಿದ್ರೆ ನಾನು ಈ ಕೆಲ್ಸ ಬಿಟ್ಬಿಡ್ತೀನೇನೋ ಅಂತ ಭಯ. ಹೇಳ್ದಿದ್ರೆ ಹೋಗ್ಬಿಡ್ತೀನೇನೋ ಅಂತ ಭಯ. ಅದಕ್ಕೇ ನೋಡೋಣ."

ಮಧ್ಯಾಹ್ನ ಭಾವ ಬಂದರು. ಕೈಯಲ್ಲಿ ಮತ್ತೆ ಐಸಿನ ಚೀಲ! ಅಕ್ಕ ಎದ್ದು ಬಕೆಟ್ಟು ತಂದು ಅವರ ಮುಂದಿಟ್ಟಳು. "ಸುರೀರಿ." ಸುರಿದರು. ಅಕ್ಕ ಬಳೆ ಮೇಲೇರಿಸಿ ಎರಡೂ ಕೈ ಒಳಗಿಟ್ಟಳು.

"ಏಯ್, ತೆಗಿ. ತೆಗಿಯಮ್ಮಿ!" ಭಾವ ಮೇಲೆದ್ದರು.

"ಗಡಿಯಾರ ನೋಡ್ರಿ."

ಎರಡು ನಿಮಿಷವಾಯಿತು. ಮೂರಾಯಿತು. "ಒಲೆ ಮೇಲೆ ಸಾರು ಉಕ್ತದೆ ನೋಡೆ" ಎಂದು ನನಗೆ ಹೇಳಿದಳು, ಟಿ.ವಿ. ನೋಡುತ್ತಾ ಕುಳಿತವಳ ಹಾಗೆ. ನಾಲ್ಕು ನಿಮಿಷಕ್ಕೆ ಕೈ ತೆಗೆದು, ಮಾತ್ರೆಯ ಹಾಳೆ ತೆಗೆದುಕೊಂಡು ಪಟಪಟನೆ ನಾಲ್ಕು ಮಾತ್ರೆ ಬಿಡಿಸಿ ನನ್ನ ಅಂಗೈಗೆ ಹಾಕಿದಳು. ಒಂದೂ ಒಡೆದಿರಲಿಲ್ಲ. ಒಡೆದದ್ದು ಅವಳ ಹೆಬ್ಬೆರಳು. ಕೆಂಪು ನೂಲಿನಂಥ ಒಂದು ಗೆರೆ. ಭಾವ ಅದನ್ನೇ ನೋಡುತ್ತಾ, "ಅವತ್ತೂ ಇಂಗೇ ಒಡ್ಕಂಡಿತ್ತು. ಲೋಟ ಉಜ್ಜೋ ಬೂದಿ ತಾಗಿ ಉರೀತಿತ್ತು, ನೀನು ತುಟಿ ಕಚ್ಕಂಡು ಕುಂತಿದ್ದೆ" ಎಂದರು.

ನನಗೆ ಆಗ ಹೊಳೆಯಿತು. ಹಿತ್ತಿಲಲ್ಲಿ ಅವರು ಅಂದು ಲೋಟ ನೋಡಿರಲೇ ಇಲ್ಲ.

"ಒಡೀತದೆ, ಇಲ್ಲ ಅನ್ನಲ್ಲ" ಎಂದಳು ಅಕ್ಕ. "ಎಣ್ಣೆ ಹಚ್ತೀನಿ. ಒಡೆದ ಕೈಲೇ ಅಲ್ವಾ ಇಲ್ಲೀವರ್ಗೂ ಬಂದದ್ದು? ಯಾರ್ಯಾರದೋ ಬೀರು ಸರಿಸಿ ನೋಡಿದ್ರಿ, ಕೆಲ್ಸ ಬಿಟ್ಟೋನನ್ನ ಕೇಳಿದ್ರಿ. ಕೈ ನಂದು. ನನ್ನ ಒಂದ್ ಮಾತು ಕೇಳಿದ್ರಾ?"

ಇಪ್ಪತ್ತೆಂಟು ವರ್ಷದಲ್ಲಿ ಭಾವನಿಗೆ ಬುಟ್ಟಿಯ ತಳ ಸಿಕ್ಕದೆ ಕೈ ಖಾಲಿಯಾಗಿ ಬಂದದ್ದು ಅದೇ ಮೊದಲು. ತಮ್ಮ ಟವಲ್ಲಿನ ತುದಿ ಹಿಡಿದು ಅವಳ ಬೆರಳು ಒರೆಸಿದರು. ಬಹಳ ಹೊತ್ತು ಒರೆಸಿದರು.

"ನೀನೇ ಯೋಳು ಮತ್ತೆ. ಏನ್ ಮಾಡಾಣ?"

"ಹೋಗೋಣ. ನನಗೆ ಆಸೆ ಐತೆ."

ಇಲ್ಲಿ ನಾನು ಮಧ್ಯೆ ಬಾಯಿ ಹಾಕಿದೆ. ವ್ಯಾಪಾರದವಳ ಮುಂದೆ ಯಾರಾದರೂ ಹೇಳಿದ ಬೆಲೆಗೆ ಹೂಂ ಅನ್ನುತ್ತಿದ್ದರೆ ನೋಡಿಕೊಂಡು ಸುಮ್ಮನಿರಲು ಆಗುತ್ತದೆಯೇ? "ಅವ್ರು ಕರೆದಿದ್ದಾರೆ ಅಂದ್ರೆ ಅವ್ರಿಗೆ ಅವಸರ ಐತೆ. ಸುಮ್ನೆ ಒಪ್ಕೋಬೇಡ, ಕೇಳು" ಎಂದೆ. ನಾನು ಹೇಳಿದ್ದನ್ನು ಅಕ್ಕ ಇಂಗ್ಲಿಷಿಗೆ ತಿರುಗಿಸಿ ಬರೆದಳು: ಚಳಿ ಇಳಿದ ಮೇಲಲ್ಲ, ಅಲ್ಲಿ ಚಳಿ ಸರಿಯಾಗಿ ಕಚ್ಚುವ ಜೂನ್‌ನಲ್ಲೇ ಬರುತ್ತೇನೆ, ಮೊದಲ ಮೂರು ತಿಂಗಳು ಪರೀಕ್ಷೆಗೆ, ಅಲ್ಲಿಯವರೆಗೆ ಆಕ್ಲೆಂಡಿನ ಮನೆ ಬಿಡುವುದಿಲ್ಲ, ಮನೆಮನೆ ಸುತ್ತಲು ಕೊಡುವ ಕಾರಿನಲ್ಲಿ ಸ್ಟೇರಿಂಗ್ ಬಿಸಿಯಾಗುವ ವ್ಯವಸ್ಥೆ ಇರಬೇಕು. ಕೊನೆಯದನ್ನು ಬರೆಯಲು ಅಕ್ಕನಿಗೆ ನಾಚಿಕೆ. "ಕೇಳೋಕೆ ಏನು ಖರ್ಚು?" ಎಂದೆ. ಶುಕ್ರವಾರ ಬೆಳಿಗ್ಗೆ ಉತ್ತರ ಬಂತು: ಎಲ್ಲಕ್ಕೂ ಒಪ್ಪಿಗೆ! ಇನ್ನೂ ಒಂದೆರಡು ಕೇಳಬಹುದಿತ್ತು ಎಂದು ನನಗೆ ಇವತ್ತಿಗೂ ಹೊಟ್ಟೆಯುರಿ.

ಹೊರಡುವ ಮುಂಚಿನ ದಿನ ಭಾವ ವಿರೂಪಾಕ್ಷಿಪುರದ ಕಡೆಯ ಒಬ್ಬರ ಮನೆಯಿಂದ ಹರಳೆಣ್ಣೆ ತಂದರು. ಮೇಲಿನ ತಿಳಿಯನ್ನು ಮೂಸಿ ನೋಡಲಿಲ್ಲ, ಡಬ್ಬದ ತಳಕ್ಕೆ ಬೆರಳು ಇಳಿಸಿ, ಎರಡು ಹನಿ ತೆಗೆದು, ಮೊದಲು ಅಕ್ಕನ ಹೆಬ್ಬೆರಳಿಗೆ ಹಚ್ಚಿ, "ಸರಿಯಾಗೈತಾ?" ಎಂದು ಕೇಳಿದರು. ಅವಳು ಹೂಂ ಎಂದ ಮೇಲೆ ಬಾಟಲಿಗೆ ತುಂಬಿಸಿದರು.

ಓದುಗರಿಗೆ ನನ್ನ ಸಲಹೆ ಇಷ್ಟೇ. ಊರು ಬದಲಾಯಿಸುವುದಿದ್ದರೆ ಆ ಊರು ಕೆಟ್ಟದಾಗಿ ಕಾಣುವ ತಿಂಗಳಲ್ಲಿ ಹೋಗಿ ನೋಡಿ. ಬೀರುವಿನ ಹಿಂದೆ ಇಣುಕಿ. ಹಳೆಯ ಮನೆಯ ಬೀಗದ ಕೈ ಮೂರು ತಿಂಗಳು ಇಟ್ಟುಕೊಂಡಿರಿ. ಹರಳೆಣ್ಣೆಯನ್ನು ವಿಮಾನದಲ್ಲಿ ಒಯ್ಯುವಾಗ ಮೂರು ಪ್ಲಾಸ್ಟಿಕ್ ಕವರು ಸುತ್ತಿ, ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡಿ. ಮುಚ್ಚಳ ಸೋರದಷ್ಟು ಮಾತ್ರ ತಿರುಗಿಸಿ. ಅದಕ್ಕಿಂತ ಬಿಗಿ ಮಾಡುವ ಮುಂಚೆ, ಅದನ್ನು ತೆಗೆಯಬೇಕಾದ ಬೆರಳು ಯಾರದು ಎಂದು ಒಂದು ಸಲ ಕೇಳಿಕೊಳ್ಳಿ.